ಅಂಜುಬುರುಕನ ಹರತಾಳಗಳು

ನನ್ನ ಮಗಳು ಪ್ರಭಾವತಿ ಫೋನಿನಲ್ಲಿ ಹಲೋ ಎನ್ನುವುದಿಲ್ಲ. ನಾನು ಫೋನನ್ನು ಕಿವಿಗೆ ಹಚ್ಚುವುದೇ ತಡ, "ಎಲ್ಲಾರೂ ಆರಾಮ ಅದೀವಪ್ಪಾ" ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾಳೆ. ಆಮೇಲೆ ಸಾವಕಾಶವಾಗಿ "ಊಟ ಆತೇನು?" ಎಂದು ಕೇಳುತ್ತಾಳೆ. ಊಟ ಆಯಿತೇ ಎಂದು ಕೇಳುವುದು ನಮ್ಮ ಕಡೆ ನಮಸ್ಕಾರವಿದ್ದ ಹಾಗೆ. ಅದಕ್ಕೆ ಯಾರೂ ಹೆದರುವುದಿಲ್ಲ. ನಾನು ಹೆದರುತ್ತೇನೆ. ಅದಕ್ಕೇ ಈ ಎರಡು ಮಾತು ನಮ್ಮ ಮನೆಯಲ್ಲಿ ಇದೇ ಕ್ರಮದಲ್ಲಿ ಬರಬೇಕು.

ಕಳೆದ ವಾರ ಅವಳು ಕ್ರಮ ತಪ್ಪಿಸಿದಳು. ನಾನು ಉಂಡು ಕೈ ತೊಳೆದು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದೆ. ಫೋನು ಬಂತು. "ಅಪ್ಪಾ, ಊಟ ಆತೇನು?" ಎಂದಷ್ಟೇ ಕೇಳಿ ಸುಮ್ಮನಾದಳು. "ಇಲ್ಲವ್ವ, ಇನ್ನೂ ಆಗಿಲ್ಲ" ಎಂದು ಅಪ್ಪಟ ಸುಳ್ಳು ಹೇಳಿದೆ. ಒಳಗಿದ್ದ ನನ್ನ ಹೆಂಡತಿ ಮಲ್ಲಮ್ಮ ಅದನ್ನು ಕೇಳಿಸಿಕೊಂಡು, "ಈಗರ ರೊಟ್ಟಿ ಮುರುದು ಎದ್ದೀರಿ, ಮಗಳ ಮುಂದ ಆಗಿಲ್ಲ ಅಂತೀರಲ್ಲ! ನಾ ಏನು ನಿಮ್ಮನ್ನ ಉಪವಾಸ ಕೆಡವೀನೇನು?" ಎಂದು ರೇಗಿದಳು. ಆಗ ಆ ಕಡೆ ಪ್ರಭಾವತಿಗೆ ನೆನಪಾಯಿತು. "ಅಯ್ಯ ಅಪ್ಪಾ, ಆರಾಮ ಅದೀವಿ, ಎಲ್ಲಾರೂ ಆರಾಮ ಅದೀವಿ. ಒಲಿ ಮ್ಯಾಲ ಹಾಲು ಉಕ್ಕಾಕತ್ತಿತ್ತು, ಅದನ್ನ ನೋಡಿಕೋತ ಮರ್ತೆ" ಎಂದಳು. ಅಷ್ಟರಲ್ಲಿ ನಾನು ಅಡಿಕೆ ನುಂಗಿ ಕೆಮ್ಮುತ್ತಿದ್ದೆ.

ಇಷ್ಟೊಂದು ಪುಕ್ಕಲನಾದ ಈ ಮನುಷ್ಯ ಏನು ಕೆಲಸ ಮಾಡಿ ಹೊಟ್ಟೆ ಹೊರೆದ ಎಂದು ನೀವು ಕೇಳಬಹುದು. ನಾನು ಪೋಸ್ಟ್‌ಮನ್ ಆಗಿದ್ದೆ. ರಾಯಚೂರಿನಲ್ಲಿ ಕೆಲವು ವರ್ಷ, ಮಾನ್ವಿಯಲ್ಲಿ ಕೆಲವು ವರ್ಷ. ಅದೂ ಸಾಲದೆಂಬಂತೆ ಎರಡು ದೊಡ್ಡ ಹರತಾಳಗಳಲ್ಲಿ ಕೂತಿದ್ದೇನೆ. ಟಪ್ಪಾ, ಎಂದರೆ ಅಂಚೆ ನೌಕರರ ಹರತಾಳಗಳ ಚರಿತ್ರೆಯನ್ನು ಬಲ್ಲವರು ಬೇರೆ ಇದ್ದಾರೆ. ಯಾವ ಇಸವಿ, ಯಾವ ಬೇಡಿಕೆ, ಎಷ್ಟು ಒಪ್ಪಿದರು, ಎಷ್ಟು ಕೈಯೆತ್ತಿದರು ಎಂಬುದನ್ನೆಲ್ಲ ಅವರು ನಿವೃತ್ತರ ಸಭೆಗಳಲ್ಲಿ ಮೇಜು ಕುಟ್ಟಿ ಹೇಳುತ್ತಾರೆ. ಇಸವಿಗಳು ಅವರ ಹತ್ತಿರವೇ ಇರಲಿ. ನನ್ನ ಹತ್ತಿರ ಉಳಿದಿರುವುದು ಅಂಜಿಕೆ ಮಾತ್ರ. ಅದನ್ನು ಹಂಚಿಕೊಳ್ಳುವುದಕ್ಕೆ ಯಾವ ಸಭೆಯೂ ಕರೆಯುವುದಿಲ್ಲವಾದ್ದರಿಂದ ನಿಮ್ಮ ಮುಂದೆ ಕೂತಿದ್ದೇನೆ.

ಅಂಜಿಕೆ ನನಗೆ ಪಿತ್ರಾರ್ಜಿತ. ಮಾನ್ವಿ ತಾಲೂಕಿನ ಮಲ್ಲಟ ನಮ್ಮೂರು. ಕುರಿ ಸಾಕಿಕೊಂಡು, ಒಂದಿಷ್ಟು ಜೋಳ ಬಿತ್ತಿಕೊಂಡು ಇದ್ದ ಮನೆತನ. ತೋಳಕ್ಕೆ ಅಂಜದ ನಮ್ಮ ಜನ ಖಾಕಿ ಬಟ್ಟೆಗೆ ಅಂಜುತ್ತಿದ್ದರು. ಖಾಕಿಯಲ್ಲೂ ಬಗೆಗಳಿದ್ದವು. ಪೊಲೀಸನ ಖಾಕಿಗೆ ಗಂಡಸರು ಅಂಜಿ ಹೊಲದ ದಾರಿ ಹಿಡಿಯುತ್ತಿದ್ದರು. ಪೋಸ್ಟ್‌ಮನ್ನನ ಖಾಕಿಗೆ ಹೆಂಗಸರು ಅಂಜುತ್ತಿದ್ದರು. ಹೆಗಲಿಗೆ ಚೀಲ ಹಾಕಿಕೊಂಡು, ಬರುವ ಹೊತ್ತಿಗೆ, ಬರುವ ದಾರಿಯಲ್ಲಿ ಅವನು ಬಂದರೆ ಏನೂ ಇಲ್ಲ. ಚೀಲವಿಲ್ಲದೆ, ಹೊತ್ತಲ್ಲದ ಹೊತ್ತಿನಲ್ಲಿ, ಬಿರಬಿರನೆ ನಡೆದು ಬಂದನೆಂದರೆ ತಂತಿ ತಂದಿದ್ದಾನೆಂದೇ ಅರ್ಥ. ತಂತಿ ಎಂದರೆ ಸಾವು. ಬೇರೆ ಸುದ್ದಿಗೆ ತಂತಿ ಹೊಡೆಯುವಷ್ಟು ದುಂದುಗಾರರು ನಮ್ಮ ಬಳಗದಲ್ಲಿ ಇರಲಿಲ್ಲ.

ನಮ್ಮಜ್ಜಿಗೆ ಇದಕ್ಕೊಂದು ಪದ್ಧತಿ ಇತ್ತು. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಮನೆಯಲ್ಲಿ ಒಲೆ ಉರಿಯಬಾರದು, ಮಣ್ಣಾಗುವ ತನಕ ಯಾರೂ ಉಣ್ಣಬಾರದು. ಆದರೆ ಕಿವಿಗೆ ಬೀಳದಿದ್ದರೆ? ಅಜ್ಜಿ ಆ ಸಂದಿಯಲ್ಲಿ ಇಡೀ ಮನೆಯನ್ನು ತೂರಿಸುತ್ತಿದ್ದಳು. ತಂತಿಯವನು ಕಟ್ಟೆ ಹತ್ತಿದ ಕೂಡಲೇ ಕೈ ಎತ್ತಿ ತಡೆದು, "ತಡಿಯಪ್ಪಾ, ಬಾಯಿ ಬಿಡಬ್ಯಾಡ. ಮೊದಲ ಹುಡುಗ್ರು ಉಣ್ಣಲಿ" ಎನ್ನುತ್ತಿದ್ದಳು. ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಹಸಿವಿದ್ದರೂ ಇಲ್ಲದಿದ್ದರೂ ರೊಟ್ಟಿ ಪುಂಡಿಪಲ್ಲೆ ತುರುಕಿ, ಬಿಸಿಲಲ್ಲಿ ಬಂದನೆಂದು ತಂತಿಯವನಿಗೂ ಉಣಿಸಿ, ಒಲೆಗೆ ನೀರು ಹೊಯ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು, "ಹೂಂ, ಈಗ ಹೇಳು" ಎನ್ನುತ್ತಿದ್ದಳು. ಯಾರು ಸತ್ತರೆಂದು ಗೊತ್ತಿಲ್ಲದೆ ಆ ರೊಟ್ಟಿ ಗಂಟಲಲ್ಲಿ ಇಳಿಯುವುದಿದೆಯಲ್ಲ, ಅದನ್ನು ತಿಂದವನೇ ಬಲ್ಲ. ಒಂದು ಸಲ ಹೀಗೆಯೇ ಉಂಡು, ಒಲೆ ಆರಿಸಿ, ಅಳುವುದಕ್ಕೆ ಸಿದ್ಧರಾಗಿ ಕೂತರೆ, ಸೊಲ್ಲಾಪುರದ ಗಿರಣಿಯಲ್ಲಿದ್ದ ನಮ್ಮ ಚಿಕ್ಕಪ್ಪ ರಜೆಯ ಮೇಲೆ ಬರುತ್ತಿದ್ದೇನೆಂದು ತಂತಿ ಕೊಟ್ಟಿದ್ದ! "ಬರೂದಾದ್ರ ಬಾಯಿ ಮುಚ್ಚಿಕೊಂಡು ಬರಬೇಕು" ಎಂದು ಅಜ್ಜಿ ಅವನು ಬಂದ ಮೇಲೂ ಬೈಯುತ್ತಲೇ ಇದ್ದಳು. ಒಲೆ ಆರಿಸಿದ್ದು ದಂಡವಾಯಿತೆಂಬುದು ಅವಳ ಸಂಕಟ.

ಇಂಥ ಮನೆಯ ಹುಡುಗ ದೊಡ್ಡವನಾಗಿ ಅದೇ ಖಾಕಿ ಹಾಕಿಕೊಂಡ. ವಿಧಿಗೆ ತಮಾಷೆ ಮಾಡುವ ಚಾಳಿ ಇದೆ. ರಾಯಚೂರಿನ ಗಲ್ಲಿಗಳಲ್ಲಿ ನಾನು ತಂತಿ ಹಿಡಿದು ನಡೆದರೆ ಬಾಗಿಲಲ್ಲಿ ಕೂತ ಹೆಂಗಸರು ಮಾತು ನಿಲ್ಲಿಸಿಬಿಡುವರು. ನಾನು ಅವರ ಮನೆ ದಾಟಿ ಹೋದ ಮೇಲೆಯೇ ಹಿಂದಿನಿಂದ ಉಸಿರು ಬಿಡುವ ಸದ್ದು ಕೇಳಬೇಕು. ಜನ ನನಗೆ ಅಂಜುತ್ತಾರಲ್ಲ ಎಂದು ನನಗೇ ಅಂಜಿಕೆಯಾಗುತ್ತಿತ್ತು.

ಎಪ್ಪತ್ತರ ದಶಕದಲ್ಲಿ ನಾನು ಕಂಡ ಮೊದಲ ಹರತಾಳ ಬಂದಾಗ ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಚೇರಿಯ ಫಲಕದ ಮೇಲೆ ಒಂದು ಹಾಳೆ ಅಂಟಿಸಿದ್ದರು. ಹರತಾಳಕ್ಕೆ ಹೋದವರನ್ನು ವಜಾ ಮಾಡಲಾಗುವುದು ಎಂದು ಅದರಲ್ಲಿತ್ತು. ವಜಾ ಎಂಬ ಶಬ್ದವನ್ನು ಓದಿದಾಗಲೆಲ್ಲ ನನಗೆ ಬಚ್ಚಲಿಗೆ ಹೋಗಬೇಕೆನಿಸುತ್ತಿತ್ತು. ನನ್ನ ಪಕ್ಕದ ಗಲ್ಲಿಗಳಿಗೆ ಟಪ್ಪಾ ಹಂಚುತ್ತಿದ್ದ ಖಾದರ್‌ಸಾಬ್ ಹಿರಿಯ ಮನುಷ್ಯ. ಅವನ ತಂದೆ ನಿಜಾಮನ ಕಾಲದ ಟಪ್ಪಾದಲ್ಲಿ ಚೀಲ ಹೊತ್ತು ಓಡುವ ಹರಕಾರನಾಗಿದ್ದನಂತೆ. ಖಾದರ್‌ಸಾಬ್ ಹಿಂದಿನ ಒಂದು ಹರತಾಳದಲ್ಲಿ ಜೇಲು ನೋಡಿ ಬಂದವನು. ಜೇಲಿನ ಬೇಳೆಯನ್ನು ಬಣ್ಣಿಸುವಾಗ ಅವನ ಮುಖದಲ್ಲಿ ಮದುವೆ ಊಟ ನೆನೆಸಿಕೊಂಡವರ ಕಳೆ ಇರುತ್ತಿತ್ತು.

"ಖಾದರ್‌ಭಾಯ್, ನೌಕರಿ ಹೋದ್ರ?" ಎಂದು ಕೇಳಿದೆ.

"ನೌಕ್ರಿ ಹೋದ್ರ ಕುರಿ ಅದಾವಲ್ಲೋ ನಿಮ್ಮನ್ಯಾಗ. ಇಜ್ಜತ್ ಹೋದ್ರ ಏನ್ ಕಾಯ್ತಿ? ಕೂಡು ಸುಮ್ನ" ಎಂದು ನನ್ನ ಅಂಗಿ ಹಿಡಿದು ಪೋಸ್ಟಾಫೀಸಿನ ಮುಂದಿನ ಬೇವಿನ ಗಿಡದ ನೆರಳಲ್ಲಿ ಕೂರಿಸಿದ.

ಕೂತೆ. ಘೋಷಣೆ ಕೂಗುವಾಗ ಬಾಯಿ ಮಾತ್ರ ಆಡಿಸುತ್ತಿದ್ದೆ, ದನಿ ಹೊರಡಿಸುತ್ತಿರಲಿಲ್ಲ. ಪೊಲೀಸರು ಕೇಳಿದರೆ ನಾನು ಕೂಗಲೇ ಇಲ್ಲ ಎನ್ನಬಹುದು, ಗೆಳೆಯರು ಕೇಳಿದರೆ ಬಾಯಿ ನೋಡಿಲ್ಲವೇ ಎನ್ನಬಹುದು. ಪೊಲೀಸ್ ವ್ಯಾನು ದಿನಾ ಬಂದು ಎದುರಿಗೆ ನಿಲ್ಲುತ್ತಿತ್ತು. ಅದರ ಹಿಂಬಾಗಿಲು ತೆರೆದಾಗಲೆಲ್ಲ ನಾನು ಖಾದರ್‌ಸಾಬನ ಬೆನ್ನ ಹಿಂದೆ ಸರಿಯುತ್ತಿದ್ದೆ. ಹಳ್ಳಿಗಳಿಗೆ ಹೋಗಿ ಅವಿತವರನ್ನು ಬಸ್ಸಿನಿಂದ ಇಳಿಸಿ ಹಿಡಿಯುತ್ತಾರಂತೆ ಎಂದು ಒಬ್ಬ ಹೇಳಿದ. ಮನೆ ಜಪ್ತಿ ಮಾಡುತ್ತಾರಂತೆ ಎಂದು ಇನ್ನೊಬ್ಬ. ಬಾಡಿಗೆ ಮನೆಯನ್ನು ಹೇಗೆ ಜಪ್ತಿ ಮಾಡುತ್ತಾರೆ ಎಂದು ಕೇಳುವ ಬುದ್ಧಿಯೂ ನನಗಿರಲಿಲ್ಲ.

ಇದೆಲ್ಲ ಮೇಲಿನ ಅಂಜಿಕೆ. ಒಳಗೊಂದು ಬೇರೆಯೇ ಇತ್ತು. ಮಲ್ಲಮ್ಮ ಹೆರಿಗೆಗೆಂದು ತವರಿಗೆ ಹೋಗಿದ್ದಳು. ದೇವದುರ್ಗ ತಾಲೂಕಿನ ಗೂಗಲ್, ಕೃಷ್ಣೆಯ ದಂಡೆಯ ಊರು. ಹಿಂದಿನ ವರ್ಷ ಮೊದಲ ಕೂಸು ದಕ್ಕಿರಲಿಲ್ಲ, ಅವಳೂ ಕೈಬಿಟ್ಟು ಹೋಗುವುದರಲ್ಲಿದ್ದಳು. ಈ ಸಲ ದಿನ ತುಂಬಿದ್ದವು. ಪ್ರತಿ ವಾರ ಅವಳ ತಮ್ಮ ಒಂದು ಕಾರ್ಡು ಬರೆದು ಹಾಕುತ್ತಿದ್ದ. ಅಕ್ಕ ಉಣ್ಣುತ್ತಾಳೆ, ಕಾಲು ಬಾತಿವೆ, ಅಂಜಬೇಡಿ ಎಂದು ಮೂರು ಸಾಲು. ಹರತಾಳ ಶುರುವಾದ ಮೇಲೆ ಅದೂ ನಿಂತಿತು. ನಿಲ್ಲಿಸಿದವರಲ್ಲಿ ನಾನೂ ಒಬ್ಬ. ಬೇರೆಯವರ ಮನೆಯ ಸುದ್ದಿ ನಿಲ್ಲಿಸಿದಾಗ ಅದು ಹೋರಾಟ; ನಮ್ಮ ಮನೆಯದೂ ನಿಂತಾಗ ಅದು ಬರೀ ಅಂಜಿಕೆ. ಬಾಯಿ ತನಕ ತುಂಬಿದ ಕೆಂಪು ಡಬ್ಬಿಯ ಕಡೆ ನೋಡದಿರಲು ಬೆನ್ನು ಹಾಕಿ ಕೂರುತ್ತಿದ್ದೆ.

ಒಂದು ಮುಂಜಾನೆ ತಡೆಯಲಾಗಲಿಲ್ಲ. ಖಾದರ್‌ಸಾಬನಿಗೆ ಹೇಳಿದೆ. ಅವನು ನಗಲಿಲ್ಲ. "ಹೋಗಿ ಬಾ. ಔರತ್ ಕಷ್ಟದಾಗ ಇದ್ದಾಗ ಯಾವ ಹರತಾಳನೂ ದೊಡ್ಡದಲ್ಲ. ಯಾರರ ಕೇಳಿದ್ರ ನಾ ಹೇಳ್ತೀನಿ" ಎಂದ.

ಇಲ್ಲಿ ನನ್ನ ಅಂಜುಬುರುಕ ಬುದ್ಧಿ ಒಂದು ಉಪಾಯ ಹೂಡಿತು. ಬಸ್ಸಿನಲ್ಲಿ ಪೊಲೀಸರು ಹಿಡಿದರೆ? ಖಾಕಿ ಹಾಕಿಕೊಂಡಿದ್ದರೆ ಕೆಲಸದ ಮೇಲಿದ್ದೇನೆ ಎಂದುಕೊಂಡು ಬಿಟ್ಟುಬಿಡುತ್ತಾರೆ. ಹಾಕಿಕೊಂಡೆ. ಹೊರಡುವ ಗಡಿಬಿಡಿಯಲ್ಲಿ ಕೈಚೀಲವನ್ನೂ ಹಿಡಿಯಲಿಲ್ಲ. ಪೊಲೀಸರೇನೋ ಸಿಗಲಿಲ್ಲ. ಆದರೆ ಬಸ್ಸಿನ ಜನ ಬಿಡಲಿಲ್ಲ. "ಹರತಾಳ ಮುಗೀತೇನ್ರಿ?" ಎಂದು ಒಬ್ಬ ಕೇಳಿದ. "ಯಪ್ಪಾ, ಇದೊಂದು ಕಾರ್ಡ್ ಹಾಕಿಬಿಡು" ಎಂದು ಒಬ್ಬ ಮುದುಕಿ ಬೆವರಲ್ಲಿ ಒದ್ದೆಯಾದ ಕಾರ್ಡನ್ನು ಕೈಗೆ ತುರುಕಿದಳು. ತೆಗೆದುಕೊಂಡರೆ ಹರತಾಳ ಮುರಿದಂತೆ, ಬಿಟ್ಟರೆ ಖಾಕಿ ಸುಳ್ಳೆಂದಂತೆ. ಕಿಟಕಿಯ ಕಡೆ ಮುಖ ಮಾಡಿ ನಿದ್ದೆ ಹತ್ತಿದವನ ಹಾಗೆ ಗೊರಕೆ ಹೊಡೆದೆ. ಮುದುಕಿ ಕಾರ್ಡನ್ನು ಮೆಲ್ಲಗೆ ವಾಪಸ್ಸು ತೆಗೆದುಕೊಂಡಳು.

ದಾರಿ ಒಡೆಯುವಲ್ಲಿ ಇಳಿದು ಗೂಗಲ್ ಕಡೆ ನಡೆಯತೊಡಗಿದೆ. ಎರಡೂ ಕಡೆ ಬಿರುಕು ಬಿಟ್ಟ ಎರೆಹೊಲ. ಮಲ್ಲಮ್ಮನ ಮುಖ ಕಣ್ಣ ಮುಂದೆ ಬಂದು ಕಾಲುಗಳು ತಾವೇ ಓಟ ಕಿತ್ತವು. ಅಷ್ಟು ದೂರದಲ್ಲಿ ಒಬ್ಬ ಕುರಿಗಾಹಿ ನಿಂತಿದ್ದ. ನನ್ನನ್ನು ಕಂಡವನೇ ತಲೆಯ ಮೇಲಿನ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡು, ಮಾತಾಡಿಸದೆ ನೆಲ ನೋಡಿದ. ಊರಿನವರು ಅಳಿಯನನ್ನು ಕಂಡು ಹೀಗೇಕೆ ಮುಖ ತಪ್ಪಿಸುತ್ತಾರೆ? ಹಳ್ಳದ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಅವರಲ್ಲೊಬ್ಬಳು ಒಗೆಯುವ ಬಟ್ಟೆಯನ್ನು ಅಲ್ಲೇ ಬಿಟ್ಟು ಊರ ಕಡೆ ಓಡಿದಳು. ಇವರಿಗೆಲ್ಲ ಏನೋ ಗೊತ್ತಿದೆ, ನನಗೆ ಹೇಳಲಾರದೆ ತಿರುಗಿಕೊಳ್ಳುತ್ತಿದ್ದಾರೆ ಎಂದು ಖಾತ್ರಿಯಾಯಿತು. ಅಲ್ಲಮಪ್ರಭುವಿನ ಗುಡಿಯ ಕಡೆ ಕೈ ಮುಗಿದು, ಏನೇನೋ ಹರಕೆ ಹೊತ್ತೆ. ಏನು ಹೊತ್ತೆನೆಂದು ಆಮೇಲೆ ನೆನಪಾಗದೆ ಎಲ್ಲಕ್ಕೂ ಸೇರಿಸಿ ಒಂದು ಕಾಯಿ ಒಡೆಸಿದೆ.

ಊರ ಬಾಗಿಲಾದ ಅಗಸಿಯೊಳಗೆ ಕಾಲಿಟ್ಟಾಗ ಅಳು ಕೇಳಿಸಿತು. ಒಬ್ಬರದಲ್ಲ, ನಾಲ್ಕಾರು ಹೆಂಗಸರದು. ನಮ್ಮ ಮಾವನ ಮನೆಯ ಕಡೆಯಿಂದಲೇ. ಮುಗಿಯಿತು ಎಂದುಕೊಂಡೆ. ಮಲ್ಲಮ್ಮನೋ, ಕೂಸೋ, ಇಬ್ಬರೂ ಹೋದರೋ? ಗೋಡೆ ಹಿಡಿದು ಹಿಡಿದು ನಡೆದೆ. ಮನೆ ಹತ್ತಿರ ಬಂದಂತೆ ಅಳುವಿನ ಮಾತು ಬಿಡಿಸಿ ಕೇಳತೊಡಗಿತು. "ಅಯ್ಯೋ ನನ್ನ ಅಳಿಯಾ, ಹಸಿ ಬಾಣಂತಿನ್ನ ಬಿಟ್ಟು ಹ್ಯಾಂಗ ಹೋದ್ಯೋ ನನ್ನಪ್ಪಾ! ಟಪ್ಪಾದವ್ರ ಜೋಡಿ ಕುಂದ್ರಬ್ಯಾಡ ಅಂದ್ರ ಕೇಳಲಿಲ್ಲಲ್ಲೋ!"

ಆ ಮನೆಗೆ ಇದ್ದ ಅಳಿಯ ನಾನೊಬ್ಬನೇ. ನಿಮಗೆ ನಗು ಬರಬಹುದು. ಒಂದು ಗಳಿಗೆ ನಾನು ಸತ್ತೇ ಹೋಗಿದ್ದೇನೆಂದು ನಂಬಿದೆ. ಅಂಜುಬುರುಕರಿಗೆ ಏನನ್ನಾದರೂ ನಂಬುವುದು ಕಷ್ಟವಲ್ಲ. ಬಾಗಿಲಲ್ಲಿ ಕುಸಿದು ಕೂತೆ.

ನಮ್ಮತ್ತೆ ಎದೆ ಬಡಿದುಕೊಳ್ಳುತ್ತ ಹೊರಗೆ ಬಂದು, ಖಾಕಿಯನ್ನು ಮಾತ್ರ ಕಂಡು, "ಯಾವಾಗ ಹ್ವಾದ ಯಪ್ಪಾ? ಹೊಡದು ಕೊಂದ್ರೇನು?" ಎಂದು ನನ್ನನ್ನೇ ಕೇಳಿದಳು.

"ಯಾರು ಅತ್ತಿ? ಯಾರು ಹ್ವಾದ್ರು?" ಎಂದು ನಾನು ಅಳುತ್ತ ಕೇಳಿದೆ.

ಆಗ ಅವಳು ಮುಖ ನೋಡಿದಳು. ಆಗಿದ್ದಿಷ್ಟು: ಚೀಲವಿಲ್ಲದ ಖಾಕಿಯವನು ಬಿರಬಿರನೆ ಬರುತ್ತಿದ್ದಾನೆಂದು ಹಳ್ಳದ ಹೆಂಗಸು ಓಡಿಬಂದು ಹೇಳಿದ್ದಳು. ಹರತಾಳದಲ್ಲೂ ತಂತಿ ಬಂದಿದೆಯೆಂದರೆ ಸಾವಲ್ಲದೆ ಬೇರೆ ಇರಲಾರದು, ಹರತಾಳದವರಿಗೆ ಪೊಲೀಸರು ಹೊಡೆಯುತ್ತಿದ್ದಾರೆಂಬ ಸುದ್ದಿಯೂ ಊರಿಗೆ ಬಂದಿದೆ, ಹಾಗಾದರೆ ಸತ್ತವನು ಅಳಿಯನೇ ಎಂದು ಲೆಕ್ಕ ಕೂಡಿಸಿ ಅಳಲು ಶುರು ಮಾಡಿದ್ದರು. ಅತ್ತೆ ನನ್ನ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದಳು. ಬದುಕಿದ್ದೇನೆಂದು ಖಾತ್ರಿಯಾದ ಮೇಲೆ ಬೈಗುಳ ಶುರುವಾಯಿತು. ಅತ್ತೆ ಬೇರೆಯವಳಲ್ಲ, ನಮ್ಮಪ್ಪನ ಸ್ವಂತ ತಂಗಿ, ಮಲ್ಲಟದ ಅದೇ ಅಜ್ಜಿಯ ಮಗಳು. ಹೀಗಾಗಿ ಅಳಿಯನೆಂಬ ಮುಲಾಜು ಇರಲಿಲ್ಲ.

"ಮಾವನ ಮನಿಗೆ ಖಾಕಿ ಹಾಕ್ಕೊಂಡು ಬರ್ತಾರೇನ್ಲೇ ಮೂಳಾ? ಒಲಿಗೆ ನೀರು ಹೊಯ್ದೀನಿ! ಹಿಟ್ಟು ಕಲಿಸಿದ್ದು ಹಂಗ ಬಿದ್ದೈತಿ! ಬಾಣಂತಿ ಹಸಕೊಂಡು ಮಲಗ್ಯಾಳ!"

ಅಳುವಿನಲ್ಲೂ ಇದ್ದ ಬಾಣಂತಿ ಎಂಬ ಶಬ್ದ ನನ್ನ ತಲೆಗೆ ಆಗ ಹೊಕ್ಕಿತು. ಒಳಗೆ ಕತ್ತಲೆ ಕೋಣೆಯಲ್ಲಿ ಕೂಸು ಅಳುತ್ತಿತ್ತು. ಅದು ಹುಟ್ಟಿ ಕೆಲವು ದಿನವಾಗಿತ್ತು. ಕಾರ್ಡು ಹಾಕಿದರೂ ಹೋಗುವುದಿಲ್ಲವೆಂದು ಸುಮ್ಮನಿದ್ದರು. ಮಲ್ಲಮ್ಮ ಹೊರಸಿನ ಮೇಲೆ ಕೂತು, ಕೂಸನ್ನು ಅವಚಿಕೊಂಡು, ಕಣ್ಣು ಬಿಟ್ಟುಕೊಂಡು ನನ್ನನ್ನು ನೋಡಿದಳು. ಗಂಡ ಸತ್ತನೆಂದು ಕೇಳಿದ ಬೆನ್ನಿಗೇ ಗಂಡ ಬಾಗಿಲಲ್ಲಿ ನಿಂತಿದ್ದ. ನಾನು ಹೋಗಿ ಅವಳ ಪಾದ ಹಿಡಿದುಕೊಂಡು ಕೂತೆ. ಬಾವು ಇಳಿದಿತ್ತು.

ಆ ದಿನ ಅತ್ತೆ ಒಂದು ಕಾಯಿದೆ ಮಾಡಿದಳು. "ಇನ್ನ ಮ್ಯಾಲ ನೀ ಈ ಊರಿಗೆ ಬರೂದಾದ್ರ ಅಗಸ್ಯಾಗ ನಿಂತು 'ಎಲ್ಲಾರೂ ಆರಾಮ' ಅಂತ ಕೂಗಿ ಒಳಗ ಬಾ. ನಾ ಒಲಿ ಆರಸಬೇಕೋ ಬ್ಯಾಡೋ ನನಗ ತಿಳೀಬೇಕು."

ಹರತಾಳ ಮುಗಿಯಿತು. ನನ್ನನ್ನು ಯಾರೂ ವಜಾ ಮಾಡಲಿಲ್ಲ. ಅಷ್ಟೊಂದು ಅಂಜಿದ್ದು ದಂಡವಾಯಿತಲ್ಲ ಎಂದು ಒಂದಿಷ್ಟು ಬೇಸರವೂ ಆಯಿತು. ಖಾದರ್‌ಸಾಬ್ ಕೂಸಿಗೆ ಹರತಾಳಮ್ಮ ಎಂದು ಹೆಸರಿಡು ಎಂದ. ಅತ್ತೆ ಪ್ರಭುವಿನ ಹೆಸರೇ ಬೇಕೆಂದು ಪ್ರಭಾವತಿ ಎಂದಿಟ್ಟಳು.

ಕಾಯಿದೆ ಮಾತ್ರ ಉಳಿಯಿತು. ಗೂಗಲ್ ಅಗಸಿಯಲ್ಲಿ ನಿಂತು "ಎಲ್ಲಾರೂ ಆರಾಮ!" ಎಂದು ಕೂಗುವುದು ಮೊದಮೊದಲು ನಾಚಿಕೆಯೆನಿಸುತ್ತಿತ್ತು. ಊರ ಹುಡುಗರು ನನಗೆ ಆರಾಮ ಮಾಮಾ ಎಂದು ಹೆಸರಿಟ್ಟರು. ಪ್ರಭಾವತಿ ಮಾತು ಕಲಿತ ಮೇಲೆ, ಅಜ್ಜಿಯ ಮನೆಯಲ್ಲಿದ್ದಾಗಲೆಲ್ಲ ನಾನು ಬರುವ ಬಸ್ಸಿನ ಹೊತ್ತಿಗೆ ಅಗಸಿಗೆ ಬಂದು ನಿಂತು, ನನ್ನ ಜೊತೆ ತಾನೂ ಕೂಗಿ, ಕೂಗುತ್ತಲೇ ಮನೆಗೆ ಓಡುತ್ತಿದ್ದಳು.

ಮಾನ್ವಿಗೆ ವರ್ಗವಾದ ಮೇಲೆ ಈ ರೂಢಿಯನ್ನು ನಾನು ನೌಕರಿಗೂ ಹಚ್ಚಿದೆ. ತಂತಿ ಹಿಡಿದು ಗಲ್ಲಿ ಹೊಕ್ಕಾಗ, ಸಾವಲ್ಲದಿದ್ದರೆ ತುದಿಯಿಂದಲೇ "ಅಂಜಬ್ಯಾಡ್ರಿ, ಆರಾಮ ಅದ!" ಎಂದು ಕೂಗುವುದು. ತಂತಿಯೊಳಗಿನ ಮಾತನ್ನು ಬೀದಿಯಲ್ಲಿ ಕೂಗಬಾರದೆಂದು ಪೋಸ್ಟ್‌ಮಾಸ್ತರರು ಗದರಿದರು. ನಾನು ಬಿಡಲಿಲ್ಲ. ಜೀವಮಾನದಲ್ಲಿ ನಾನು ಮಾಡಿದ ಒಂದೇ ಧೈರ್ಯದ ಕೆಲಸವೆಂದು ಒಳಗೊಳಗೇ ಬೀಗುತ್ತಿದ್ದೆ. ಸಾವಿನ ತಂತಿ ಇದ್ದ ದಿನ ಮಾತ್ರ ಸುಮ್ಮನೆ ಹೋಗುತ್ತಿದ್ದೆ. ಒಮ್ಮೆ ಒಬ್ಬ ಮುದುಕ ನನ್ನನ್ನು ಕಟ್ಟೆಗೆ ಕರೆದು, "ತಮ್ಮಾ, ಮೊದಲ ನಿನ್ನ ಖಾಕಿಗೆ ಅಂಜತಿದ್ವಿ. ಈಗ ನೀ ಸುಮ್ಕ ಬಂದ್ರ ಅಂಜತೀವಿ. ಹೆಚ್ಚೇನೂ ಫರಕ್ ಬಿದ್ದಿಲ್ಲ ನೋಡು" ಎಂದ. ನಕ್ಕು ಮುಂದೆ ಹೋದೆ. ಅದು ನಗುವ ಮಾತಲ್ಲವೆಂದು ತಿಳಿಯಲು ನನಗೆ ಎರಡನೆಯ ಹರತಾಳ ಬರಬೇಕಾಯಿತು.

ಅದು ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ಈ ಸಲ ಹಳ್ಳಿಗಳಲ್ಲಿ ಅರೆ ಹೊತ್ತಿನ ಕೆಲಸ ಮಾಡುತ್ತಿದ್ದ ಟಪ್ಪಾದವರೂ ನಮ್ಮ ಕಡೆ ಕೈಲಿದ್ದುದನ್ನು ಕೆಳಗಿಟ್ಟು ಕೂತರು. ಪಟ್ಟಣಕ್ಕೂ ಹಳ್ಳಿಗೂ ನಡುವಿನ ದಾರಿ ಪೂರ್ತಿ ಬಂದಾಯಿತು. ನಾನೀಗ ಹಳಬ. ಮಾನ್ವಿಯಲ್ಲಿ ಎಳೆಯ ನೌಕರರು ನನ್ನ ಬೆನ್ನ ಹಿಂದೆ ಸರಿಯುತ್ತಿದ್ದರು. ನಾನು ಯಾರ ಹಿಂದೆ ಸರಿಯಬೇಕೆಂದು ತಿಳಿಯದೆ ಮುಂದೆಯೇ ಕೂತಿದ್ದೆ. ಈಗ ದನಿ ತೆಗೆದೇ ಕೂಗುತ್ತಿದ್ದೆ. ಅಗಸಿಯಲ್ಲಿ ಕೂಗಿ ಕೂಗಿ ಗಂಟಲು ಪಳಗಿತ್ತು.

ಅದೇ ದಿನಗಳಲ್ಲಿ ಮಾವ ಹೊಟ್ಟೆಬೇನೆಯಿಂದ ರಾಯಚೂರಿನ ಆಸ್ಪತ್ರೆ ಸೇರಿದ್ದ. ಮಲ್ಲಮ್ಮ ಮತ್ತು ಅವಳ ತಮ್ಮ ಅವನ ಹತ್ತಿರ ಇದ್ದರು. ಕುರಿ ಬಿಟ್ಟು ಬರಲಾಗದೆ ಅತ್ತೆ ಊರಲ್ಲೇ ಉಳಿದಿದ್ದಳು, ಅವಳಿಗೆ ಜೊತೆಯಾಗಿ ಪ್ರಭಾವತಿ. ಮಾವನನ್ನು ನೋಡಲೆಂದು ನಾನು ಮಾನ್ವಿಯಿಂದ ಹೋದಾಗ ಅವನ ಕಣ್ಣು ಮುಚ್ಚಿ ಸ್ವಲ್ಪ ಹೊತ್ತಾಗಿತ್ತಷ್ಟೆ. ಮಲ್ಲಮ್ಮ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡು, "ಅವ್ವಗ ತಂತಿ ಹೊಡೀರಿ" ಎಂದಳು. ಹೇಳಿದ ಮೇಲೆ ಹರತಾಳದಲ್ಲಿ ತಂತಿಯೂ ನಿಂತಿದೆಯೆಂದು ಅವಳಿಗೆ ನೆನಪಾಯಿತು. ನನ್ನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೈದುನ ಗಾಡಿ ಗೊತ್ತು ಮಾಡಿಕೊಂಡು ಹೆಣ ತರುವುದು, ನಾನು ಮೊದಲ ಬಸ್ಸಿಗೆ ಮುಂದೆ ಹೋಗಿ ಸುದ್ದಿ ಮುಟ್ಟಿಸಿ ಕುಣಿ ತೋಡಿಸುವುದು ಎಂದಾಯಿತು. ಈ ಸಲ ಬಿಳಿ ಅಂಗಿ, ಧೋತರ. ಖಾಕಿ ಇರಲಿಲ್ಲ. ಹಳ್ಳದ ಹತ್ತಿರ ಹೆಂಗಸರು ನನ್ನನ್ನು ಕಂಡು ನಕ್ಕು, "ಆರಾಮ ಮಾಮಾ ಬಂದ" ಎಂದು ತಮ್ಮಲ್ಲೇ ಆಡಿಕೊಂಡರು. ಆ ನಗು ನನ್ನ ಬೆನ್ನಿಗೆ ಚುಚ್ಚಿತು.

ಅಗಸಿಯಲ್ಲಿ ನಿಂತೆ. ಕೂಗಿಬಿಡಲೇ ಎನಿಸಿತು. ಕೂಗಿದರೆ ಇನ್ನೊಂದು ಗಳಿಗೆ ಆ ಮನೆಯಲ್ಲಿ ಎಲ್ಲ ಮೊದಲಿನ ಹಾಗೇ ಇರುತ್ತದೆ. ಬಾಯಿ ತೆರೆದೆ. ಮೊದಲ ಹರತಾಳದಲ್ಲಿ ಮಾಡಿದ ಹಾಗೆ ಬಾಯಿ ಮಾತ್ರ ಆಡಿತು, ದನಿ ಹೊರಡಲಿಲ್ಲ. ಪ್ರಭಾವತಿ ಅಗಸಿಯ ಕಟ್ಟೆಯಿಂದ ಜಿಗಿದು ಬಂದು, ಜೊತೆಗೆ ಕೂಗಲು ಬಾಯಿ ತೆರೆದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಕೂಗಲಿಲ್ಲ. ಅವಳು ಮೆಲ್ಲಗೆ ಬಾಯಿ ಮುಚ್ಚಿಕೊಂಡಳು. ಆಮೇಲೆ ತಿರುಗಿ ಮನೆಯ ಕಡೆ ಓಡಿದಳು.

ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕಟ್ಟೆ ಹತ್ತುವಾಗ ಒಳಗಿನ ಮಾತು ಕೇಳಿಸಿತು.

"ಬಂದನೇನಬೇ ನಿಮ್ಮಪ್ಪ?"

"ಬಂದಾನ."

"ಕೂಗಿದನೇನು?"

"ಇಲ್ಲ ಬೇ."

ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ಅಳುವಿಗಾಗಿ ಕಾದೆ, ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಳು ಬರಲಿಲ್ಲ. ಸದ್ದು ಮತ್ತೆ ಶುರುವಾಯಿತು.

ಒಳಗೆ ಹೋದೆ. ಅತ್ತೆ ನನ್ನ ಕಡೆ ನೋಡಲಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ತೆಗೆದು ಪ್ರಭಾವತಿಯ ತಾಟಿಗೆ ಹಾಕಿ, "ಲಗೂ ಉಣ್ಣು ನನ್ನವ್ವಾ" ಎಂದಳು. ಇನ್ನೊಂದು ತಾಟು ನನ್ನ ಮುಂದೆ ಬಂತು. ನಾನು ಬಾಯಿ ತೆರೆದೆ. ಅವಳು ಹಿಟ್ಟಿನ ಕೈ ಎತ್ತಿ ತಡೆದಳು, ಥೇಟು ನಮ್ಮಜ್ಜಿ ತಡೆಯುತ್ತಿದ್ದ ಹಾಗೆ.

"ಉಣ್ಣಪ್ಪಾ. ಬಿಸಲಾಗ ಬಂದೀದಿ. ಊಟ ಆದ ಮ್ಯಾಲ ಹೇಳುವಂತಿ."

ಉಂಡೆ. ಪ್ರಭಾವತಿಯೂ ಒಮ್ಮೆ ಅಜ್ಜಿಯನ್ನು, ಒಮ್ಮೆ ನನ್ನನ್ನು ನೋಡುತ್ತ ಉಂಡಳು. ಅವಳಿಗೆ ಎಷ್ಟು ತಿಳಿಯಿತೋ ನಾನು ಇಂದಿಗೂ ಕೇಳಿಲ್ಲ. ಅತ್ತೆ ನಮಗೆ ಬಡಿಸುತ್ತ, ಕಲಸಿದ ಹಿಟ್ಟನ್ನೆಲ್ಲ ರೊಟ್ಟಿ ಮಾಡಿ ಮುಗಿಸಿದಳು. ಅವಸರ ಮಾಡಲಿಲ್ಲ. ಒಂದೊಂದು ರೊಟ್ಟಿಯನ್ನೂ ಎರಡೂ ಮಗ್ಗುಲು ಚೆನ್ನಾಗಿ ಸುಟ್ಟಳು. ಮಣ್ಣು ಮುಗಿಸಿ ಹಸಿದು ಬರುವವರು ಬಹಳ ಜನ ಇರುತ್ತಾರೆಂದು ಅವಳಿಗೆ ಗೊತ್ತಿತ್ತು. ತಾನು ಮಾತ್ರ ಒಂದು ತುತ್ತೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ನಾವು ಕೈ ತೊಳೆದ ಮೇಲೆ ಚೊಂಬಿನ ನೀರನ್ನು ಒಲೆಗೆ ಹೊಯ್ದಳು. ಕೆಂಡ ಚುಂಯ್ ಎಂದು ಆರಿ, ಮನೆಯ ತುಂಬ ಹೊಗೆ ಎದ್ದಿತು. ಆ ಹೊಗೆಯಲ್ಲಿ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಎದುರಿಗೆ ಬಂದು ಕೂತಳು.

"ಹೂಂ," ಎಂದಳು. "ಈಗ ಹೇಳು."